ಬ್ಲೂಕೀಪ್

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ಸಿಕ್ಕ ಮೆಮೊರಿ ದೋಷ; ಅಧಿಕೃತ ಗುರುತು ಸಿವಿಇ-2019-0708. ಹೆಸರಿಟ್ಟವರು ಭದ್ರತಾ ಸಂಶೋಧಕ ಕೆವಿನ್ ಬೋಮಾಂಟ್.

ಎಂಎಸ್_ಟಿ120 ಎಂಬ ಒಳ ಚಾನೆಲ್‌ಗೆ ವಿಂಡೋಸ್ 31ನೇ ಸ್ಥಾನ ಕೊಟ್ಟಿರುತ್ತದೆ. ದಾಳಿಕೋರ ಅದೇ ಹೆಸರನ್ನು ಬೇರೆ ಸ್ಥಾನಕ್ಕೂ ಕಟ್ಟಿಸಿ, ಆಮೇಲೆ ಮುಚ್ಚಿಸುತ್ತಾನೆ. ಮೆಮೊರಿ ತೆರವಾಗುತ್ತದೆ, 31ರಲ್ಲಿನ ವಿಳಾಸ ಅಳಿಯುವುದಿಲ್ಲ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಚೀಲ ಎತ್ತಿದ ಮೇಲೂ ಲಾಟಿನ ಚೀಟಿ ಉಳಿದುಬಿಟ್ಟ ಹಾಗೆ: ಆ ಜಾಗಕ್ಕೆ ಯಾರು ಏನು ತಂದಿಟ್ಟರೂ ಹಳೇ ಚೀಟಿಯ ಮಾಲೆಂದೇ ಲೆಕ್ಕ. ಈ ದಾಳಿಗೆ ಪಾಸ್‌ವರ್ಡ್ ಕೂಡ ಬೇಕಿಲ್ಲ.

2019ರ ಮೇ 14ರಂದು ಪ್ಯಾಚ್ ಬಂತು. 2014ರಲ್ಲೇ ಬೆಂಬಲ ನಿಂತಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಕೊಟ್ಟಿತು, ಅಪರೂಪದ ಔದಾರ್ಯ! ವಿಂಡೋಸ್ 8, 10ಕ್ಕೆ ಈ ದೋಷ ತಾಗಲಿಲ್ಲ.

ಆ ವರ್ಷದ ಕೊನೆಗೆ ಬೋಮಾಂಟ್ ಬಲೆಯಾಗಿ ಇಟ್ಟಿದ್ದ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿಯತೊಡಗಿದವು. ಈ ದೋಷದ ಮೂಲಕ ನುಗ್ಗಿದವರಿಗೆ ಬೇಕಿದ್ದದ್ದು ಮೊನೆರೊ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ.