ಪಟ್ಟರ್ ತಟ್ಟೆಯ ಪೂರ್ವೋತ್ತರ

ಆಟದ ಉಪಕರಣವೊಂದನ್ನು ಅದರ ಇತಿಹಾಸದಿಂದ ಬೇರ್ಪಡಿಸಿ ನೋಡಿದಾಗ ಅದು ಅಂಗಡಿಯ ಸರಕಾಗಿ ಮಾತ್ರ ತೋರುವುದು. ಅದು ಯಾವ ಕೊರತೆಯನ್ನು ನೀಗಲೆಂದು ಹುಟ್ಟಿತು, ಯಾವ ನಿಯಮಗಳ ಒತ್ತಡಕ್ಕೆ ಸಿಕ್ಕಿ ಇಂದಿನ ಆಕಾರವನ್ನು ತಳೆಯಿತು ಎಂಬುದನ್ನು ಬಲ್ಲವನಿಗಾದರೋ ಅದರ ಗುಣದೋಷಗಳು ಬೇರೆ ಯಾರೂ ಹೇಳದೆಯೇ ವೇದ್ಯವಾಗುವವು. ಉತ್ತರ ಅಮೆರಿಕದಲ್ಲಿ ಹುಟ್ಟಿ, ಇಂದು ಫಿನ್ಲೆಂಡ್, ಸ್ವೀಡನ್, ಎಸ್ಟೋನಿಯ ಮೊದಲಾದ ದೇಶಗಳಲ್ಲಿಯೂ ಜನಸಾಮಾನ್ಯರ ವಿಹಾರವಾಗಿ ಬೇರೂರಿರುವ ಡಿಸ್ಕ್ ಗಾಲ್ಫ್ ಎಂಬ ಆಟದಲ್ಲಿ, ಪ್ಲಾಸ್ಟಿಕ್ಕಿನ ತಟ್ಟೆಯನ್ನು ಕೈಯಿಂದಲೇ ಎಸೆದು, ಮರಗಿಡಗಳ ನಡುವಿನಿಂದ ಸಾಗಿಸಿ, ಸರಪಳಿಗಳನ್ನು ಇಳಿಬಿಟ್ಟ ಕಬ್ಬಿಣದ ಬುಟ್ಟಿಯೊಳಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸಬೇಕು. ದೂರದ ಎಸೆತಕ್ಕೆ ಡ್ರೈವರ್, ಮಧ್ಯದ ದೂರಕ್ಕೆ ಮಿಡ್‌ರೇಂಜ್, ಬುಟ್ಟಿಯ ಸಮೀಪದ ಕೊನೆಯ ಎಸೆತಕ್ಕೆ ಪಟ್ಟರ್ ಎಂದು ತಟ್ಟೆಗಳಲ್ಲಿ ಮುಖ್ಯವಾಗಿ ಮೂರು ವರ್ಗಗಳುಂಟು. ಇವುಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಬುಟ್ಟಿಯ ಮುಂದೆಯೂ ಕೈಗೆ ಬರುವುದು ಪಟ್ಟರ್. ನೆಚ್ಚಿಕೊಳ್ಳಬಹುದಾದ ಪಟ್ಟರನ್ನು ಆರಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ತಟ್ಟೆಯಲ್ಲಿ ಅರಸುವುದಕ್ಕಿಂತ ಮೊದಲು ಗುರಿಯ ಚರಿತ್ರೆಯಲ್ಲಿ ಅರಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಏಕೆಂದರೆ ಈ ತಟ್ಟೆಯನ್ನು ರೂಪಿಸಿದ್ದು ಗುರಿಯೇ.

ತಟ್ಟೆಯೆಸೆದು ಗುರಿ ಮುಟ್ಟಿಸುವ ವಿನೋದವು ಪ್ಲಾಸ್ಟಿಕ್ಕಿಗಿಂತ ಹಳೆಯದು. ೧೯೨೬ರಷ್ಟು ಹಿಂದೆಯೇ ಕೆನಡ ದೇಶದ ಸಸ್ಕ್ಯಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಊರಿನಲ್ಲಿ ರೊನಾಲ್ಡ್ ಗಿಬ್ಸನ್ ಎಂಬ ಬಾಲಕನೂ ಅವನ ಶಾಲೆಯ ಗೆಳೆಯರೂ ತಗಡಿನ ಮುಚ್ಚಳಗಳನ್ನು ಎಸೆದು ಗಾಲ್ಫಿನ ಮಾದರಿಯಲ್ಲಿ ಆಡಿದರೆಂಬುದು ದಾಖಲಾಗಿದೆ. ೧೯೩೦ರ ದಶಕದ ಕೊನೆಯ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಕೇಕ್ ಬೇಯಿಸುವ ತಟ್ಟೆಯನ್ನು ಎಸೆದಾಡುತ್ತಿದ್ದ ಫ್ರೆಡ್ ಮಾರಿಸನ್ ಎಂಬ ತರುಣನು, ಅಂಗಡಿಯಲ್ಲಿ ಐದು ಸೆಂಟಿಗೆ ಸಿಗುವ ಆ ತಟ್ಟೆಗೆ ನೋಡುಗರು ಇಪ್ಪತ್ತೈದು ಸೆಂಟು ಕೊಡಲು ಸಿದ್ಧರಿರುವುದನ್ನು ಕಂಡು ಅದನ್ನೇ ವ್ಯಾಪಾರವಾಗಿ ಮಾಡಿಕೊಂಡನು. ಮಹಾಯುದ್ಧದ ತರುವಾಯ, ೧೯೪೮ರಲ್ಲಿ, ಅದು ಪ್ಲಾಸ್ಟಿಕ್ಕಿನ ರೂಪವನ್ನು ಪಡೆದು, ೧೯೫೭ರಲ್ಲಿ ವ್ಯಾಮ್-ಓ ಸಂಸ್ಥೆಯ ಕೈಸೇರಿ ಫ್ರಿಸ್ಬಿ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.

ಈ ಆಟಿಕೆಯನ್ನು ಕ್ರೀಡೆಯ ಉಪಕರಣವಾಗಿ ಮಾರ್ಪಡಿಸಿದ ಕೀರ್ತಿ ೧೯೬೪ರಲ್ಲಿ ಆ ಸಂಸ್ಥೆಯನ್ನು ಸೇರಿದ ಎಡ್ ಹೆಡ್ರಿಕ್ ಅವರಿಗೆ ಸಲ್ಲತಕ್ಕದ್ದು. ತಟ್ಟೆಯ ಬೆನ್ನಿನ ಮೇಲೆ ಉಬ್ಬುಗೆರೆಗಳ ವರ್ತುಲಗಳನ್ನು ಮೂಡಿಸಿ ಅದರ ಹಾರಾಟಕ್ಕೆ ಸ್ಥಿರತೆಯನ್ನು ತಂದುಕೊಟ್ಟ ಅವರ ಉಪಾಯಕ್ಕೆ ೧೯೬೭ರಲ್ಲಿ ಪೇಟೆಂಟ್ ದೊರೆಯಿತು. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಅವರ ಎರಡನೆಯ ಕಾಣಿಕೆ. ೧೯೭೫ರಲ್ಲಿ ಕ್ಯಾಲಿಫೋರ್ನಿಯದ ಲಾ ಕನ್ಯಾಡದ ಓಕ್ ಗ್ರೋವ್ ಉದ್ಯಾನದಲ್ಲಿ ಅವರು ಮೊದಲ ಶಾಶ್ವತ ಡಿಸ್ಕ್ ಗಾಲ್ಫ್ ಅಂಗಣವನ್ನು ನೆಲೆಗೊಳಿಸಿದಾಗ ಅಲ್ಲಿ ಗುರಿಯಾಗಿ ನಿಂತಿದ್ದವು ಬರಿಯ ಕಂಬಗಳು. ತಟ್ಟೆ ಕಂಬಕ್ಕೆ ತಗುಲಿತೆಂದು ಎಸೆದವನೂ ತಗುಲಲಿಲ್ಲವೆಂದು ಪ್ರತಿಸ್ಪರ್ಧಿಯೂ ವಾದಿಸಲಾರಂಭಿಸಿದರೆ, ದೂರದಲ್ಲಿ ನಿಂತವರಾರಿಗೂ ಆ ವಿವಾದವನ್ನು ಬಗೆಹರಿಸುವ ಸಾಕ್ಷ್ಯವಿರಲಿಲ್ಲ. ಈ ತೊಡಕನ್ನು ಪರಿಹರಿಸಲೆಂದು ಹೆಡ್ರಿಕ್ ಅವರು ತಮ್ಮ ಮಗ ಕೆನ್ ಅವರೊಡಗೂಡಿ, ಕಂಬದ ಸುತ್ತ ಸರಪಳಿಗಳನ್ನು ತೂಗಬಿಟ್ಟು, ಅವುಗಳ ಕೆಳಗೆ ಬುಟ್ಟಿಯನ್ನಿರಿಸಿ, ಬಂದ ತಟ್ಟೆಯ ವೇಗವನ್ನು ಸರಪಳಿ ಹೀರಿಕೊಂಡು ಅದನ್ನು ಬುಟ್ಟಿಗೆ ಇಳಿಸುವ ಸಾಧನವನ್ನು ನಿರ್ಮಿಸಿದರು. ೧೯೭೭ರಲ್ಲಿ ಇದಕ್ಕೂ ಪೇಟೆಂಟ್ ಲಭಿಸಿತು. ಇದೇ ಅವಧಿಯಲ್ಲಿ, ೧೯೭೬ರಲ್ಲಿ, ಆಟದ ನಿಯಮಗಳನ್ನು ಕಾಯುವ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವೂ ಅವರಿಂದ ಸ್ಥಾಪಿತವಾಯಿತು.

ಮೇಲ್ನೋಟಕ್ಕೆ ಜಗಳ ತಪ್ಪಿಸುವ ಏರ್ಪಾಡಿನಂತೆ ತೋರುವ ಈ ಬುಟ್ಟಿಯು ತಟ್ಟೆಯ ಮುಂದಿಟ್ಟ ಬೇಡಿಕೆಯನ್ನೇ ಬದಲಾಯಿಸಿಬಿಟ್ಟಿತು. ಕಂಬಕ್ಕೆ ತಟ್ಟೆ ಹೇಗೆ ಬಡಿದರೂ ಸರಿಯೆ. ಸರಪಳಿಗಾದರೋ ಅದು ಮಿತವಾದ ವೇಗದಿಂದ, ಮಟ್ಟಸವಾಗಿ ಬಂದು, ಸಿಡಿದು ಹೊರಬೀಳದೆ ನಿಲ್ಲಬೇಕು. ಇದರ ಮೇಲೆ ಇನ್ನೊಂದು ಕಟ್ಟಳೆಯುಂಟು: ಬುಟ್ಟಿಯಿಂದ ಹತ್ತು ಮೀಟರಿನ ವರ್ತುಲದೊಳಗೆ ನಿಂತು ಎಸೆಯುವವನು, ಎಸೆದ ಬಳಿಕ ತನ್ನ ಮೈಯ ಸಮತೋಲವನ್ನು ತೋರಿಸಿದ ಹೊರತು ಗುರುತನ್ನು ದಾಟಿ ಮುನ್ನಡೆಯುವಂತಿಲ್ಲ. ಹೀಗಾಗಿ ಓಡಿಬಂದು ಎಸೆಯುವ ರಭಸಕ್ಕೆ ಅಲ್ಲಿ ಎಡೆಯಿಲ್ಲ. ಮೊಣಕೈ, ಮಣಿಕಟ್ಟು, ಬೆರಳುಗಳ ಅಲ್ಪಬಲದಿಂದಲೇ ಸರಳರೇಖೆಯಲ್ಲಿ ಸಾಗುವ ತಟ್ಟೆ ಬೇಕಾಯಿತು.

ಅಂತಹ ತಟ್ಟೆ ಪ್ರತ್ಯೇಕ ಜಾತಿಯಾಗಿ ಬೇರ್ಪಟ್ಟದ್ದು ೧೯೮೩ರ ಬಳಿಕ. ಅದುವರೆಗೆ ಫ್ರಿಸ್ಬಿಯನ್ನು ಹೋಲುವ ದುಂಡಂಚಿನ ತಟ್ಟೆಗಳಿಂದಲೇ ದೂರದ ಎಸೆತವೂ ಹತ್ತಿರದ ಎಸೆತವೂ ನಡೆಯುತ್ತಿದ್ದವು. ಆ ವರ್ಷ ಡೇವ್ ಡ್ಯೂನಿಪೇಸ್ ಎಂಬವರು ಅಂಚನ್ನು ಓರೆಯಾಗಿ ಹರಿತಗೊಳಿಸಿದ ಈಗಲ್ ಎಂಬ ತಟ್ಟೆಯನ್ನು ರಚಿಸಿ, ತಮ್ಮ ಸಂಗಡಿಗರೊಡನೆ ಇನ್ನೋವ ಸಂಸ್ಥೆಯನ್ನು ಆರಂಭಿಸಿದರು. ಗಾಳಿಯನ್ನು ಸೀಳಿಕೊಂಡು ಹೋಗುವ ಈ ಹೊಸ ಅಂಚು ದೂರವನ್ನು ಹೆಚ್ಚಿಸಿತಾದರೂ, ಹರಿತವಾದ ತಟ್ಟೆಯು ವೇಗವಿದ್ದಾಗಲಷ್ಟೇ ನೆಟ್ಟಗೆ ಸಾಗುವ ಸ್ವಭಾವದ್ದು. ವೇಗ ಕುಂದಿದಂತೆ ಗಾಳಿಯ ಒತ್ತಡದ ಕೇಂದ್ರವು ಮುಂಭಾಗಕ್ಕೆ ಸರಿದು ತಟ್ಟೆಯ ಮೂತಿಯನ್ನು ಮೇಲೆತ್ತಲು ಹವಣಿಸುವುದು. ತಿರುಗುತ್ತಿರುವ ವಸ್ತುವಾದುದರಿಂದ ಆ ಬಲವು ಮೇಲಕ್ಕಾಗದೆ ಪಕ್ಕಕ್ಕೆ ಪರಿಣಮಿಸಿ, ಬಲಗೈಯವನು ಬ್ಯಾಕ್‌ಹ್ಯಾಂಡಿನಲ್ಲಿ ಎಸೆದ ತಟ್ಟೆಯನ್ನು ಎಡಕ್ಕೆ ವಾಲಿಸುವುದು. ದೂರದ ಹೊಣೆಯನ್ನು ಡ್ರೈವರ್ ಹೊತ್ತುಕೊಂಡ ಮೇಲೆ, ಆಳವಾದ ಅಂಚು, ಮೊಂಡಾದ ದುಂಡು ಮೂತಿ, ನಿಧಾನವಾದ ಹಾರಾಟ ಇವುಗಳನ್ನು ಸಂಕೋಚವಿಲ್ಲದೆ ಮೈಗೂಡಿಸಿಕೊಳ್ಳುವ ಸ್ವಾತಂತ್ರ್ಯ ಪಟ್ಟರಿಗೆ ಲಭಿಸಿತು. ಈಗಲಿನ ಬೆನ್ನಿಗೇ ಅದೇ ಸಂಸ್ಥೆಯಿಂದ ಬಂದ ಏವಿಯಾರ್ ಎಂಬ ಪಟ್ಟರ್ ಇಂದಿಗೂ ಈ ವರ್ಗಕ್ಕೆ ಮಾದರಿಯಾಗಿ ಉಳಿದಿದೆ. ಡಿಸ್ಕ್‌ಕ್ರಾಫ್ಟಿನ ಮ್ಯಾಗ್ನೆಟ್, ಗೇಟ್‌ವೇಯ ವಿಝರ್ಡ್ ಮುಂತಾದವು ಆ ಪರಂಪರೆಯಲ್ಲಿಯೇ ಬೆಳೆದುಬಂದವು.

ಈಗ ಆಯ್ಕೆಯ ಮಾತಿಗೆ ಬರೋಣ. ಸಂಘದ ನಿಯಮದಂತೆ ತಟ್ಟೆಯ ವ್ಯಾಸ ೨೧ ಸೆಂಟಿಮೀಟರಿಗಿಂತ ಕಡಿಮೆಯಿರಕೂಡದು, ತೂಕವು ವ್ಯಾಸದ ಪ್ರತಿ ಸೆಂಟಿಮೀಟರಿಗೆ ೮.೩ ಗ್ರಾಮನ್ನು ಮೀರಕೂಡದು, ಆದ್ದರಿಂದ ೨೧.೨ ಸೆಂಟಿಮೀಟರ್ ವ್ಯಾಸದ ಪಟ್ಟರ್ ೧೭೬ ಗ್ರಾಮಿನ ಒಳಗೇ ಇರಬೇಕು. ಬಯಲುಗಾಳಿಯಲ್ಲಿ ತೂಕದ ತಟ್ಟೆ ಸುಲಭವಾಗಿ ದಾರಿ ತಪ್ಪದೆಂದು ಬಹುಮಂದಿ ೧೭೦ ಗ್ರಾಮಿಗಿಂತ ಮೇಲಿನದನ್ನೇ ಆರಿಸಿಕೊಳ್ಳುವರು. ಅಂಚಿನ ಕೆಳತುದಿಯಲ್ಲಿ ಸುತ್ತಲೂ ಹಾಯುವ, ಬೀಡ್ ಎಂದು ಕರೆಯಲ್ಪಡುವ ಸಣ್ಣ ಉಬ್ಬೊಂದು ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ. ಅದು ಬೆರಳಿಗೆ ಆಸರೆಯೆನಿಸುವುದೋ ಅಡ್ಡಿಯೆನಿಸುವುದೋ ಎಂಬುದನ್ನು ಅವರವರ ಕೈಯೇ ನಿರ್ಧರಿಸಬೇಕು. ಅಗ್ಗದ ಸಾಧಾರಣ ಪ್ಲಾಸ್ಟಿಕ್ ಕೈಗೆ ಚೆನ್ನಾಗಿ ಕಚ್ಚಿಕೊಳ್ಳುವುದಾದರೂ ಬೇಗ ಸವೆಯುವುದು. ಬೆಲೆಬಾಳುವ ಗಟ್ಟಿ ಪ್ಲಾಸ್ಟಿಕ್ ಬಹುಕಾಲ ಬಾಳುವುದಾದರೂ ಮಳೆಯಲ್ಲಿ ಜಾರುವುದು. ಪಟ್ಟರಿನ ಎಸೆತ ಮೃದುವಾದುದರಿಂದ ಅದಕ್ಕೆ ಬೀಳುವ ಪೆಟ್ಟು ಕಡಿಮೆ; ಹೀಗಾಗಿ ಬಾಳಿಕೆಗಿಂತ ಹಿಡಿತಕ್ಕೆ ಪ್ರಾಶಸ್ತ್ಯ ಕೊಡುವುದು ಇಲ್ಲಿ ವಿವೇಕ.

ಆದರೆ ಅಚ್ಚು, ತೂಕ, ಪ್ಲಾಸ್ಟಿಕ್ ಇವೆಲ್ಲವೂ ಸೇರಿ ನೆಚ್ಚಿಕೆಯ ಅರ್ಧಭಾಗ ಮಾತ್ರ. ಮಿಕ್ಕ ಅರ್ಧವನ್ನು ಅರಿಯಬೇಕಾದರೆ ಕೆನ್ ಕ್ಲೈಮೊ ಅವರ ಜೀವನವನ್ನು ನೋಡಬೇಕು. ೧೯೯೦ರಿಂದ ೧೯೯೮ರವರೆಗೆ ಸತತವಾಗಿ ಒಂಬತ್ತು ಬಾರಿಯೂ, ಆ ಮೇಲೆ ೨೦೦೦, ೨೦೦೨, ೨೦೦೬ರಲ್ಲಿಯೂ ವಿಶ್ವವಿಜೇತರಾದ ಈ ಮಹಾನುಭಾವರು ಏವಿಯಾರಿನೊಡನೆ ಎಷ್ಟು ಅಭಿನ್ನರಾದರೆಂದರೆ, ಆ ಪಟ್ಟರಿನ ಒಂದು ಬಗೆಯು ಅವರ ಹೆಸರಿನ ಮೊದಲಕ್ಷರಗಳಿಂದಲೇ ಮಾರುಕಟ್ಟೆಯಲ್ಲಿ ಪ್ರಸಿದ್ಧವಾಯಿತು. ತನ್ನ ಕುಡುಗೋಲಿನ ಹಿಡಿಯನ್ನು ಕತ್ತಲಲ್ಲಿಯೂ ಗುರುತಿಸಬಲ್ಲ ರೈತನಂತೆ, ಇಂತಹ ಆಟಗಾರನ ಬೆರಳು ತಟ್ಟೆಯ ಅಂಚನ್ನು ಮುಟ್ಟಿದೊಡನೆಯೇ ಅದು ಎಷ್ಟು ದೂರದಲ್ಲಿ ಎಷ್ಟು ಬಾಗುವುದೆಂಬುದನ್ನು ಬಲ್ಲುದು.

ಪಟ್ಟರ್ ಹತ್ತು ಮೀಟರಿನ ವರ್ತುಲಕ್ಕೆ ಮಾತ್ರ ಸಲ್ಲುವ ತಟ್ಟೆಯೆಂದು ತಿಳಿಯಲಾಗದು. ೨೦೨೧ರ ಜೂನ್ ತಿಂಗಳಲ್ಲಿ ಯೂಟಾ ಸಂಸ್ಥಾನದ ಆಗ್ಡೆನ್ ನಗರದಲ್ಲಿ ನಡೆದ ವಿಶ್ವಸ್ಪರ್ಧೆಯ ಅಂತಿಮ ಸುತ್ತಿನ ಕೊನೆಯ ಗುರಿಯಲ್ಲಿ, ಅದಾಗಲೇ ಐದು ಬಾರಿ ವಿಶ್ವವಿಜೇತರಾಗಿದ್ದ ಪಾಲ್ ಮೆಕ್‌ಬೆತ್ ಅವರಿಗಿಂತ ಒಂದು ಎಸೆತ ಹಿಂದಿದ್ದ ಜೇಮ್ಸ್ ಕಾನ್ರಾಡ್ ಅವರು, ೨೪೭ ಅಡಿ ದೂರದಿಂದ ಎನ್ವಿ ಎಂಬ ಪಟ್ಟರನ್ನು ಎಸೆದು ನೇರವಾಗಿ ಬುಟ್ಟಿಗೆ ಸೇರಿಸಿ, ಸಮಬಲ ಸಾಧಿಸಿ, ಹೆಚ್ಚುವರಿ ಆಟದಲ್ಲಿ ಪ್ರಶಸ್ತಿಯನ್ನು ಗೆದ್ದುಕೊಂಡರು. ತೂಕದ ಪ್ಲಾಸ್ಟಿಕ್ಕನ್ನು ಹೊರ ಅಂಚಿಗೂ ಹಗುರವಾದುದನ್ನು ನಡುವಿಗೂ ಕೂಡಿಸಿ ಎರಕಹೊಯ್ದ ಆ ತಟ್ಟೆಯ ರಚನಾಕೌಶಲಕ್ಕೆ ಆ ವಿಜಯದಲ್ಲಿ ಪಾಲಿದೆ, ನಿಜ. ಆದರೆ ಅಂತಹ ಗಳಿಗೆಯಲ್ಲಿ ವೇಗದ ತಟ್ಟೆಗಳನ್ನು ಬಿಟ್ಟು ಪಟ್ಟರನ್ನೇ ಕೈಗೆತ್ತಿಕೊಂಡದ್ದು ಆ ತಟ್ಟೆಯ ನಡೆನುಡಿಯನ್ನು ಬಲ್ಲವನ ವಿಶ್ವಾಸ.

ಆದಕಾರಣ ಹೊಸದಾಗಿ ಆಟಕ್ಕಿಳಿಯುವವನು ಎರಡು ಮೂರು ಬಗೆಯ ಪಟ್ಟರುಗಳನ್ನು ಕೈಯಲ್ಲಿ ಹಿಡಿದು, ಹಲವು ಬಾರಿ ಎಸೆದು ನೋಡಿ, ಬೆರಳಿಗೆ ಒಗ್ಗಿದುದನ್ನು ಆರಿಸಿ, ಅದೇ ಅಚ್ಚಿನ, ಅದೇ ತೂಕದ, ಅದೇ ಪ್ಲಾಸ್ಟಿಕ್ಕಿನ ಕೆಲವನ್ನು ಒಟ್ಟಿಗೆ ಕೊಂಡಿಟ್ಟುಕೊಂಡು ಅವುಗಳಿಂದಲೇ ನಿತ್ಯ ಅಭ್ಯಾಸ ಮಾಡುವುದು ಶ್ರೇಯಸ್ಕರ. ಗುರಿ ತಪ್ಪಿದಾಗಲೆಲ್ಲ ತಟ್ಟೆಯನ್ನು ಬದಲಿಸುವವನಿಗೆ, ತಪ್ಪು ತಟ್ಟೆಯದೋ ತನ್ನದೋ ಎಂಬುದು ಎಂದಿಗೂ ತಿಳಿಯದು. ಒಂದೇ ತಟ್ಟೆಯನ್ನು ಬಿಡದೆ ಎಸೆಯುವವನಿಗೆ ತಪ್ಪಿದ ಎಸೆತವೂ ಪಾಠವಾಗುವುದು. ಕಂಬಕ್ಕೆ ತಗುಲಿತೋ ಇಲ್ಲವೋ ಎಂಬ ಸಂದೇಹವನ್ನು ಹೆಡ್ರಿಕ್ ಅವರು ಸರಪಳಿಯಿಂದ ಕಳೆದರು. ತಟ್ಟೆಯೋ ಕೈಯೋ ಎಂಬ ಈ ಸಂದೇಹವನ್ನು ಕಳೆದುಕೊಳ್ಳುವ ಭಾರವಾದರೋ ಆಟಗಾರನ ಮೇಲೆಯೇ ಇದೆ, ಮತ್ತು ಅದಕ್ಕೆ ನಿಷ್ಠೆಯಿಂದ ಕೂಡಿದ ಅಭ್ಯಾಸವೊಂದೇ ಸಾಧನ.