ಐದನೆಯ ಕೋಣೆಯ ಮಾತು

ನಮ್ಮದು ಸಮುದ್ರ ಕಾಣದ ಸೀಮೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರಕ್ಕೆ ಬರುವ ಹೊತ್ತಿಗೆ ವರ್ಷದ ಬಹುಪಾಲು ಬರಿಯ ಮರಳಿನ ಗೆರೆ. ಹೊಸಕೋಟೆಯ ಕೆರೆ ಕೋಡಿ ಬಿದ್ದರೆ ಅದೇ ನಮಗೆ ಸಾಗರ. ಇಂಥ ಸೀಮೆಯ ಹುಡುಗರು ನೌಕಾಪಡೆಗೆ ಸೇರಿದರು, ಅಲ್ಲಿಯೂ ನೀರಿನ ಮೇಲಿನ ಹಡಗನ್ನು ಬಿಟ್ಟು ನೀರಿನೊಳಗಿನ ಹಡಗನ್ನು ಹತ್ತಿದರು ಎಂದರೆ ಕೇಳಿದವರು ಒಮ್ಮೆ ಮುಖ ನೋಡುತ್ತಾರೆ. ಅಂಥ ಇಬ್ಬರು ಹಿರಿಯರ ಪರಿಚಯ ನನಗಿದೆ. ಒಬ್ಬರು ದೊಡ್ಡಬಳ್ಳಾಪುರದ ನೇಕಾರ ಮನೆತನದವರು. ಇನ್ನೊಬ್ಬರು ದೇವನಹಳ್ಳಿಯ ಕಡೆಯ ರಾಗಿ ಹೊಲದವರು. ಇಬ್ಬರೂ ಎಂಜಿನ್ ಕೋಣೆಯ ಕೆಲಸಗಾರರು. ಹೆಸರು ಬೇಡವೆಂದು ಅವರೇ ಹೇಳಿದ್ದಾರಾಗಿ ಆ ಮಾತು ಅಲ್ಲಿಗೇ ಇರಲಿ.

ಜಲಾಂತರ್ಗಾಮಿಗಳ ಚರಿತ್ರೆಯನ್ನು ನಾವು ಇಲ್ಲಿಯವರೆಗೆ ಓದಿರುವುದು ಪೆರಿಸ್ಕೋಪಿನ ಹಿಂದೆ ನಿಂತವರ ಕಣ್ಣಿನಿಂದ. ಶತ್ರುವಿನ ಹಡಗು ಕಂಡಿತು, ದಿಕ್ಕು ಬದಲಾಯಿತು, ಆಜ್ಞೆ ಹೊರಟಿತು—ಹೀಗೆ. ಆದರೆ ಆ ಹಡಗಿನ ಎಪ್ಪತ್ತೈದು ಮಂದಿಯಲ್ಲಿ ಪೆರಿಸ್ಕೋಪಿಗೆ ಕಣ್ಣಿಟ್ಟವರು ಬೆರಳೆಣಿಕೆಯವರು. ಉಳಿದವರು ಯುದ್ಧವನ್ನು ಕಾಣಲಿಲ್ಲ, ಕೇಳಿದರು. ಅವರ ನೆನಪೂ ಕಿವಿಯ ನೆನಪೇ. ಆ ಹಡಗುಗಳು ಹೇಗೆ ಬದುಕಿದವು, ಹೇಗೆ ಸಾಯಬಹುದಿತ್ತು ಎಂಬುದನ್ನು ತಿಳಿಯಬೇಕಾದರೆ ಈ ಕಿವಿಗಳ ಬಳಿಗೇ ಹೋಗಬೇಕೆಂದು ನನಗೆ ತೋರುತ್ತದೆ.

ಮೊದಲು ಸ್ವಲ್ಪ ಇತಿಹಾಸ. 1965ರಲ್ಲಿ ಭಾರತವು ಸೋವಿಯತ್ ಒಕ್ಕೂಟದೊಡನೆ ನಾಲ್ಕು ಜಲಾಂತರ್ಗಾಮಿಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಲೆನಿನ್‌ಗ್ರಾಡಿನಲ್ಲಿ ಕಟ್ಟಿದ ಮೊದಲನೆಯದು, ‘ಕಲ್ವರಿ’, 1967ರ ಡಿಸೆಂಬರ್ 8ರಂದು ರಿಗಾ ಬಂದರಿನಲ್ಲಿ ನಮ್ಮ ಧ್ವಜ ಏರಿಸಿತು. ನೌಕಾಪಡೆಯವರು ಈಗಲೂ ಆ ದಿನವನ್ನು ಜಲಾಂತರ್ಗಾಮಿ ದಿನವೆಂದು ಆಚರಿಸುತ್ತಾರೆ. ಅದೇ ವರ್ಷದ ಅರಬ್-ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿತ್ತು. ಹೊಚ್ಚ ಹೊಸ ಹಡಗು, ಅದನ್ನು ಆಗತಾನೆ ಕಲಿತ ಜನ, ಇಡೀ ಆಫ್ರಿಕಾ ಖಂಡವನ್ನು ಬಳಸಿಕೊಂಡು 1968ರ ಜುಲೈನಲ್ಲಿ ವಿಶಾಖಪಟ್ಟಣ ಸೇರಿದರು. ಹಿಂದೆಯೇ ‘ಖಂಡೇರಿ’, ‘ಕರಂಜ್’, ‘ಕುರ್ಸುರಾ’ ಬಂದವು. 1973-74ರಲ್ಲಿ ‘ವೇಲಾ’ ಮೊದಲಾದ ಇನ್ನು ನಾಲ್ಕು. ಪಾಶ್ಚಾತ್ಯರು ಈ ಜಾತಿಯ ಹಡಗಿಗೆ ‘ಫಾಕ್ಸ್‌ಟ್ರಾಟ್’ ಎಂದು ಹೆಸರಿಟ್ಟಿದ್ದರು. ಉದ್ದ 91 ಮೀಟರು. ಒಳಗೆ ಏಳು ಕೋಣೆಗಳು, ಒಂದರ ಹಿಂದೊಂದು, ರೈಲು ಡಬ್ಬಿಗಳ ಹಾಗೆ. ಒಂದರಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಉಕ್ಕಿನ ಕಿಂಡಿ. ಕಾಲು ಮೊದಲೋ ತಲೆ ಮೊದಲೋ ಎಂಬುದು ಅವರವರ ಅಭ್ಯಾಸ.

ಐದನೆಯ ಕೋಣೆ ಡೀಸೆಲ್ ಎಂಜಿನುಗಳದು. ಮೂರು ಎಂಜಿನುಗಳು, ಒಂದೊಂದೂ 2000 ಅಶ್ವಶಕ್ತಿ. ನಡುವೆ ಒಬ್ಬನು ಮೈ ಓರೆ ಮಾಡಿಕೊಂಡು ಹೋಗುವಷ್ಟು ದಾರಿ. ಆರನೆಯದರಲ್ಲಿ ವಿದ್ಯುತ್ ಮೋಟಾರುಗಳು. ಎರಡನೆಯ ಮತ್ತು ನಾಲ್ಕನೆಯ ಕೋಣೆಗಳ ನೆಲದಡಿಯಲ್ಲಿ ಬ್ಯಾಟರಿ: ಒಟ್ಟು 448 ಕೋಶಗಳು. ನೀರಿನ ಮೇಲೆ ಇರುವಾಗ ಡೀಸೆಲ್ ಓಡಿಸಿ ಬ್ಯಾಟರಿ ತುಂಬಬೇಕು. ಮುಳುಗಿದ ಮೇಲೆ ಆ ಬ್ಯಾಟರಿಯಿಂದ ಮೋಟಾರು ನಡೆಸಬೇಕು. ಡೀಸೆಲ್ಲಿಗೆ ಗಾಳಿ ಬೇಕು, ನೀರಿನಡಿ ಗಾಳಿ ಇಲ್ಲ. ಇಡೀ ಸಂಸಾರ ನಿಂತಿರುವುದು ಇಷ್ಟರ ಮೇಲೆ.

ಮುಳುಗುವ ಆಜ್ಞೆ ಬಂತೆಂದರೆ ಐದನೆಯ ಕೋಣೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ದೊಡ್ಡಬಳ್ಳಾಪುರದ ಹಿರಿಯರು ನನಗೆ ಕೈಯಾಡಿಸಿಯೇ ತೋರಿಸಿದರು. ಮೂರೂ ಎಂಜಿನು ನಿಲ್ಲಬೇಕು, ಗಾಳಿ ಬರುವ ಕವಾಟ, ಹೊಗೆ ಹೋಗುವ ಕವಾಟ ಮುಚ್ಚಬೇಕು, ಕ್ಲಚ್ಚು ಬಿಡಿಸಬೇಕು, ಹಿಂದಿನ ಕೋಣೆಯ ಮೋಟಾರು ಭಾರ ಹೊರಬೇಕು. ಎಲ್ಲವೂ ಸೆಕೆಂಡುಗಳ ಲೆಕ್ಕ. ಒಂದು ಕವಾಟ ಸರಿಯಾಗಿ ಕೂರದಿದ್ದರೆ ಬರುವುದು ಸಮುದ್ರ. ಹೇಳುವಾಗ ಅವರ ಎಡಗೈ ತಾನಾಗಿಯೇ ಮೇಲಕ್ಕೆ ಹೋಗಿ, ಇಲ್ಲದ ಚಕ್ರವೊಂದನ್ನು ಬಲಕ್ಕೆ ತಿರುಗಿಸಿತು. ನಿವೃತ್ತರಾಗಿ ಮೂರು ದಶಕ ಕಳೆದಿದ್ದರೂ ಆ ಕೈಗೆ ಚಕ್ರ ಎಲ್ಲಿದೆಯೆಂಬುದು ಮರೆತಿರಲಿಲ್ಲ.

“ಎಂಜಿನ್ನು ನಿಂತ ಮೇಲೆ ಬರೋ ಮೌನ ಇದೆಯಲ್ಲ ಮೇಷ್ಟ್ರೆ, ಅದು ನಮ್ಮನ್ನ ಹೆದರಿಸ್ತಿತ್ತು. ಸದ್ದು ಯಾವತ್ತೂ ಹೆದರಿಸಲಿಲ್ಲ,” ಎಂದರು. ನನಗೆ ಇದು ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರ ಮನೆಯಲ್ಲಿಯೇ ಕುಳಿತಿದ್ದಾಗ ಅರ್ಥವಾಯಿತು. ಪಕ್ಕದ ಗೋಡೆಯಾಚೆ ವಿದ್ಯುತ್ ಮಗ್ಗಗಳು. ಬೆಳಗಿನಿಂದ ರಾತ್ರಿಯವರೆಗೆ ಲಾಳಿಯ ಹೊಡೆತ. ಆ ಬೀದಿಯ ಮಕ್ಕಳು ಮಗ್ಗ ಓಡುತ್ತಿರುವಾಗ ನಿದ್ದೆಹೋಗುತ್ತಾರೆ, ವಿದ್ಯುತ್ತು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಾರೆ. ಮಗ್ಗದ ಮನೆಯಲ್ಲಿ ಮಾತು ಕೇಳಿಸುವುದಿಲ್ಲ. ತುಟಿ ನೋಡಿ, ಕೈಸನ್ನೆಯಿಂದ ವ್ಯವಹಾರ. ಎಂಜಿನ್ ಕೋಣೆಯಲ್ಲಿಯೂ ಹಾಗೆಯೇ. ಬೇರೆ ಬೇರೆ ಭಾಷೆಗಳ ಹುಡುಗರು ಅಲ್ಲಿ ಬೆರಳಿನಲ್ಲಿ ಮಾತನಾಡಿದರು. ಮೂರು ಎಂಜಿನುಗಳ ಗದ್ದಲದಲ್ಲಿ ಒಂದರ ಒಂದು ಸಿಲಿಂಡರು ತಾಳ ತಪ್ಪಿದರೆ ಇವರಿಗೆ ತಿಳಿಯುತ್ತಿತ್ತಂತೆ. ಕಲಿಸಿದವರಾರೆಂದು ಕೇಳಿದೆ. “ನಮ್ಮಪ್ಪ. ಹತ್ತು ಮಗ್ಗದಲ್ಲಿ ಯಾವುದು ಕೆಟ್ಟಿದೆ ಅಂತ ಅವರು ಜಗಲಿ ಮೇಲೆ ಕೂತೇ ಹೇಳೋರು.”

ಯಂತ್ರದ ಮೇಲಿನ ಫಲಕಗಳೆಲ್ಲ ರಷ್ಯನ್ ಲಿಪಿಯಲ್ಲಿದ್ದವು. ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷಿಗೇ ಬೆವರಿದ ಹುಡುಗ ಆ ಅಕ್ಷರಗಳನ್ನೂ ಕಲಿಯಬೇಕಾಯಿತು. ಕಲಿತರು.

ಈ ಹಡಗುಗಳನ್ನು ಕಲ್ಪಿಸಿದವರು ಉತ್ತರದ ತಣ್ಣೀರಿನವರು. ಬಂಗಾಳ ಕೊಲ್ಲಿಯ ಬೆಚ್ಚನೆಯ ನೀರಿನಲ್ಲಿ ಐದನೆಯ ಕೋಣೆ ಕುಲುಮೆಯಾಗುತ್ತಿತ್ತು. ಸಿಹಿನೀರು ಬ್ಯಾಟರಿಗೆ ಮೊದಲು, ಅಡುಗೆಗೆ ಆಮೇಲೆ, ಮೈಗೆ ಉಳಿದರೆ ಉಂಟು. ಸ್ನಾರ್ಕೆಲ್ ಎಂಬ ಕೊಳವೆಯನ್ನು ಮಾತ್ರ ನೀರಿನ ಮೇಲೆ ಚಾಚಿ ಡೀಸೆಲ್ ಓಡಿಸುವ ಕ್ರಮವೊಂದುಂಟು; ಅಲೆ ಬಂದು ಕೊಳವೆಯ ಬಾಯಿ ಮುಚ್ಚಿಕೊಂಡರೆ ಎಂಜಿನು ಹಡಗಿನೊಳಗಿನ ಗಾಳಿಯನ್ನೇ ಹೀರತೊಡಗುತ್ತದೆ, ಎಲ್ಲರ ಕಿವಿಯೂ ಒಮ್ಮೆಗೇ ಅಡೆಯುತ್ತದೆ. ರಷ್ಯನ್ನರಿಗೂ ಈ ಬಿಸಿಯ ಪಾಠ ಆಗಿತ್ತು. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಅವರು ಇದೇ ಜಾತಿಯ ನಾಲ್ಕು ಹಡಗುಗಳನ್ನು ಅಟ್ಲಾಂಟಿಕಿನ ಬಿಸಿನೀರಿಗೆ ಕಳಿಸಿದಾಗ, ಬಿ-130 ಎಂಬುದರ ಮೂರು ಡೀಸೆಲ್ಲುಗಳೂ ಕೈಕೊಟ್ಟು, ಅದನ್ನು ಬೇರೆ ಹಡಗು ಎಳೆದುಕೊಂಡು ಹೋಗಬೇಕಾಯಿತು. ಜಗತ್ತು ಅಣುಯುದ್ಧದ ಅಂಚಿನಲ್ಲಿತ್ತೆಂದು ನಾವು ಓದುತ್ತೇವೆ. ಆ ಅಂಚಿನಲ್ಲಿ ಯಾರೋ ಸ್ಪ್ಯಾನರು ಹಿಡಿದು ಬೆವರುತ್ತಿದ್ದರೆಂಬುದನ್ನು ಓದುವುದಿಲ್ಲ.

ಇನ್ನು ‘ಘಾಜಿ’ಯ ವಿಷಯ. ಅಮೆರಿಕದವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ‘ಡಯಾಬ್ಲೊ’ ಎಂಬ ಡೀಸೆಲ್ ಜಲಾಂತರ್ಗಾಮಿಯೇ ಪಾಕಿಸ್ತಾನದ ಪಾಲಿಗೆ ಬಂದು ‘ಘಾಜಿ’ಯಾಯಿತು. 1971ರ ಡಿಸೆಂಬರ್ 3-4ರ ರಾತ್ರಿ ಅದು ವಿಶಾಖಪಟ್ಟಣದ ಹೊರಗೆ ಮುಳುಗಿತು. ತೊಂಬತ್ತಕ್ಕೂ ಹೆಚ್ಚು ಮಂದಿ, ಒಬ್ಬರೂ ಉಳಿಯಲಿಲ್ಲ. ನಮ್ಮ ‘ರಜಪೂತ್’ ಹಡಗು ಎಸೆದ ಸಿಡಿಗುಂಡುಗಳಿಂದ ಎಂಬುದು ಭಾರತದ ಅಧಿಕೃತ ಮಾತು. ತಾನೇ ಹಾಕುತ್ತಿದ್ದ ಮೈನು ಸಿಡಿಯಿತೆಂಬುದು ಇನ್ನೊಂದು ವಾದ. ಬ್ಯಾಟರಿ ತುಂಬುವಾಗ ಹೊಮ್ಮುವ ಜಲಜನಕ ಒಳಗೆ ಶೇಖರವಾಗಿ ಸ್ಫೋಟಿಸಿತೆಂಬುದು ಮೂರನೆಯದು. ನೌಕಾಧಿಕಾರಿಗಳು, ಚರಿತ್ರಕಾರರು ಈ ಬಗ್ಗೆ ಬಹಳ ಬರೆದಿದ್ದಾರೆ. ನಾನು ದೇವನಹಳ್ಳಿಯ ಕಡೆಯ ಹಿರಿಯರನ್ನು ಕೇಳಿದೆ. ಅವರು ಬ್ಯಾಟರಿಯ ಜೊತೆ ವರ್ಷಗಟ್ಟಲೆ ಬಾಳಿದವರು. ಬಹಳ ಹೊತ್ತು ಸುಮ್ಮನಿದ್ದರು. “ಯಾರು ಹೊಡೆದರು ಅಂತ ನಾನು ಹೇಳಕ್ಕಾಗಲ್ಲ. ಆದರೆ ಗಾಳಿಯಲ್ಲಿ ಜಲಜನಕ ನೂರಕ್ಕೆ ನಾಲ್ಕು ಪಾಲು ಆದರೆ ಒಂದು ಕಿಡಿ ಸಾಕು. ಆ ಲೆಕ್ಕ ನಾವು ದಿನಾ ಬರೀತಿದ್ವಿ. ಅವರಲ್ಲೂ ಒಬ್ಬ ಬರೀತಿದ್ದ.”

ಆ ‘ಅವರಲ್ಲೂ ಒಬ್ಬ’ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ‘ಘಾಜಿ’ಯ ಕಥೆಯನ್ನು ನಿಜವಾಗಿ ಹೇಳಬಲ್ಲವನು ಆ ಹಡಗಿನ ಬ್ಯಾಟರಿ ಕೋಣೆಯವನು. ಅವನೂ ಅವನ ಲೆಕ್ಕದ ಪುಸ್ತಕವೂ ಸಮುದ್ರದ ತಳದಲ್ಲಿವೆ. ಹೊರಗಿನಿಂದ ನೋಡಿದವರು ಅರ್ಧ ಶತಮಾನ ಕಳೆದರೂ ವಾದಿಸುತ್ತಿದ್ದಾರೆ. ನಮ್ಮ ಕಡೆಯವರ ಲೆಕ್ಕದ ಪುಸ್ತಕಗಳನ್ನು ಬರೆದ ಕೈಗಳು ಇನ್ನೂ ಇವೆ; ಇವರ ಬಳಿ ಕೇಳಲು ಯಾರೂ ಬಂದಿರಲಿಲ್ಲ. ನಮ್ಮ ಜಿಲ್ಲೆಯ ಚರಿತ್ರೆಯೆಂದರೆ ಕೋಟೆ, ಶಾಸನ, ಟಿಪ್ಪುವಿನ ಜನ್ಮಸ್ಥಳ. ಅವೆಲ್ಲ ಇರತಕ್ಕವೇ. ಕಲ್ಲಿನ ಶಾಸನ ಇನ್ನೂ ಸಾವಿರ ವರ್ಷ ಕಾಯಬಲ್ಲದು.

ಹಡಗುಗಳಂತೂ ಕಾಯಲಿಲ್ಲ. ‘ಕಲ್ವರಿ’ 1996ರಲ್ಲಿ ಸೇವೆಯಿಂದ ಹೊರಬಂತು. ಕೊನೆಯದಾಗಿ ‘ವಾಗ್ಲಿ’ 2010ರ ಡಿಸೆಂಬರಿನಲ್ಲಿ ಹೊರಬಂದು, ನಮ್ಮಲ್ಲಿ ಆ ಜಾತಿಯ ಸೇವೆ ಮುಗಿಯಿತು. 2017ರಿಂದ 2025ರವರೆಗೆ ಮುಂಬಯಿಯಲ್ಲಿ ಕಟ್ಟಿದ ಆರು ಹೊಸ ಜಲಾಂತರ್ಗಾಮಿಗಳು ಸೇವೆಗೆ ಬಂದಿವೆ. ಹೆಸರುಗಳು ಹಳೆಯವೇ—ಕಲ್ವರಿ, ಖಂಡೇರಿ, ಕರಂಜ್. ನಡುವಣ ಕಾಲದ ‘ಸಿಂಧುಘೋಷ’ ಜಾತಿಯ ಹಡಗುಗಳಿಗೆ ‘ಉಷಸ್’ ಎಂಬ ಸೋನಾರ್ ಬಂತು. ಅದನ್ನು ತಯಾರಿಸಿದ್ದು ನಮ್ಮ ಜಾಲಹಳ್ಳಿಯ ಬಿ.ಇ.ಎಲ್. ಇದನ್ನು ಹೇಳಿದಾಗ ದೊಡ್ಡಬಳ್ಳಾಪುರದ ಹಿರಿಯರು ನಕ್ಕರು: “ನಮ್ಮ ಸೀಮೆ ಕಿವಿಗೆ ಹೆಸರಾಯ್ತು ಬಿಡಿ.”

ಉಳಿದಿರುವುದು ‘ಕುರ್ಸುರಾ’ ಒಂದೇ. 2001ರಲ್ಲಿ ನಿವೃತ್ತವಾದ ಅದನ್ನು ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ ದಡಕ್ಕೆಳೆದು 2002ರ ಆಗಸ್ಟಿನಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ನಾನು ಹೋಗಿ ನೋಡಿಬಂದಿದ್ದೇನೆ. ನಿವೃತ್ತ ನಾವಿಕರೇ ಅಲ್ಲಿ ಮಾರ್ಗದರ್ಶಕರು, ಚೆನ್ನಾಗಿ ಹೇಳುತ್ತಾರೆ. ಮಕ್ಕಳು ಕಿಂಡಿಯಿಂದ ಕಿಂಡಿಗೆ ನುಸುಳುತ್ತ ಟಾರ್ಪೆಡೋ ಎಲ್ಲಿ ಎಂದು ಓಡುತ್ತಾರೆ. ಐದನೆಯ ಕೋಣೆಯಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಂಜಿನುಗಳು ಬಣ್ಣ ಬಳಿದುಕೊಂಡು ತಣ್ಣಗಿವೆ.

ಹಿಂದಿರುಗಿ ಬಂದು, ಅಲ್ಲಿ ತೆಗೆದ ಚಿತ್ರಗಳನ್ನು ಹಿರಿಯರಿಗೆ ತೋರಿಸಿದೆ. ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ಎಡಗಡೆಯ ಎಂಜಿನಿನ ಪಕ್ಕದ ಕೊಳವೆಯೊಂದನ್ನು ಬೆರಳಿಟ್ಟು ತೋರಿಸಿ, ಇದರ ಹಿಂದೆ ನಾವು ಒದ್ದೆ ಬಟ್ಟೆ ಒಣಗಿಸುತ್ತಿದ್ದೆವು ಎಂದರು. ಅವರ ಮನೆಯವರು ಒಳಗಿನಿಂದಲೇ, “ಆ ಬಟ್ಟೆ ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗ್ತಿರಲಿಲ್ಲ, ಅದನ್ನೂ ಬರ್ಕೊಳ್ಳಿ,” ಎಂದರು. ಬರೆದುಕೊಂಡಿದ್ದೇನೆ. ಆ ಕೋಣೆಯ ಕೊಳವೆಗಳ ನಕ್ಷೆಯನ್ನು ನೆನಪಿನಿಂದ ಬರೆದುಕೊಡಲು ಅವರು ಒಪ್ಪಿದ್ದಾರೆ. ಕೈ ನಡುಗುವುದರಿಂದ ಗೆರೆ ಎಳೆಯುವುದು ಮೊಮ್ಮಗ. ಎಲ್ಲಿ ಎಳೆಯಬೇಕೆಂದು ಹೇಳುವುದು ಅವರು. ಇದುವರೆಗೆ ಬಲಗಡೆಯ ಎಂಜಿನಿನವರೆಗೆ ಬಂದಿದೆ.