ನೋ ಕ್ಲೇಮ್ ಬೋನಸ್ ಕಾರಿಗಲ್ಲ, ಮಾಲೀಕರಿಗೆ: ಹೊಸ ಚಾಲಕರು ತಿಳಿದಿರಬೇಕಾದ ಲೆಕ್ಕ

‘ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಹಳೆಯ ಮಾಲೀಕರ ಶೇ 50ರ ಬೋನಸ್ ನಿಮ್ಮದಾಗುತ್ತದೆ.’ ‘ಸಣ್ಣ ಗೀರಿಗೆ ಕ್ಲೇಮ್ ಮಾಡಿದರೆ ಬೋನಸ್ ಹೋಗುವುದಿಲ್ಲ.’ ‘ಬೋನಸ್ ಇದ್ದರೆ ಇಡೀ ಪ್ರೀಮಿಯಂ ಅರ್ಧವಾಗುತ್ತದೆ.’ ಕಾರು ವಿಮೆಯ ಬಗ್ಗೆ ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಮೂರೂ ತಪ್ಪು. ಮೊದಲನೆಯದನ್ನು ನಂಬಿದರಂತೂ ಅಪಘಾತವಾದಾಗ ರಿಪೇರಿ ಹಣವೇ ಕೈತಪ್ಪಬಹುದು.

ಏನಿದು ನೋ ಕ್ಲೇಮ್ ಬೋನಸ್?

ನಮ್ಮ ದೇಶದಲ್ಲಿ ಕಾರು ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಪರಿಹಾರ ಕೊಡುವುದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದು ಕಡ್ಡಾಯ. ನಿಮ್ಮದೇ ಕಾರಿಗೆ ಆದ ಹಾನಿಗೆ ಹಣ ಕೊಡುವುದು ಓನ್ ಡ್ಯಾಮೇಜ್ ವಿಮೆ. ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ, ಸಿಗುವುದು ಈ ಎರಡನೇ ಭಾಗದ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಂ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಬೋನಸ್ ಎಂದರೆ ಕೈಗೆ ಬರುವ ಹಣವಲ್ಲ, ನವೀಕರಣದ ವೇಳೆ ಸಿಗುವ ರಿಯಾಯಿತಿ. ಒಂದು ವರ್ಷ ಪೂರ್ತಿ ಕ್ಲೇಮ್ ಮಾಡದಿದ್ದರೆ ಶೇ 20, ಸತತ ಎರಡು ವರ್ಷಕ್ಕೆ ಶೇ 25, ಮೂರಕ್ಕೆ ಶೇ 35, ನಾಲ್ಕಕ್ಕೆ ಶೇ 45, ಐದಕ್ಕೆ ಶೇ 50. ಅದಕ್ಕಿಂತ ಮೇಲಿಲ್ಲ. ಮಧ್ಯೆ ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷಕ್ಕೆ ಸೊನ್ನೆ. ಬಿಲ್ ಮೂರು ಸಾವಿರವಿರಲಿ, ಮೂರು ಲಕ್ಷವಿರಲಿ, ಫಲ ಒಂದೇ.

ಸಣ್ಣ ಗುದ್ದಿಗೆ ಕ್ಲೇಮ್ ಮಾಡಬೇಕೇ?

ಹೊಸ ಚಾಲಕರ ನಿಜವಾದ ಪ್ರಶ್ನೆ ಇದು. ಒಂದು ಉದಾಹರಣೆ ನೋಡೋಣ. ಓನ್ ಡ್ಯಾಮೇಜ್ ಪ್ರೀಮಿಯಂ ಪ್ರತಿ ವರ್ಷ 10,000 ರೂಪಾಯಿಯೇ ಇರುತ್ತದೆ ಎಂದುಕೊಳ್ಳಿ.

ಮೊದಲ ವರ್ಷ ಕ್ಲೇಮ್ ಮಾಡದವರು ಮುಂದಿನ ಐದು ವರ್ಷ ಕಟ್ಟುವುದು 8,000, 7,500, 6,500, 5,500 ಮತ್ತು 5,000. ಒಟ್ಟು 32,500 ರೂಪಾಯಿ. ಮೊದಲ ವರ್ಷವೇ ಒಂದು ಕ್ಲೇಮ್ ಮಾಡಿ ಆಮೇಲೆ ಮಾಡದವರು ಕಟ್ಟುವುದು 10,000, 8,000, 7,500, 6,500 ಮತ್ತು 5,500. ಒಟ್ಟು 37,500. ಅಂದರೆ ಆ ಒಂದು ಕ್ಲೇಮ್‌ನಿಂದ ಕಳೆದುಕೊಂಡ ರಿಯಾಯಿತಿ 5,000 ರೂಪಾಯಿ. ಶೇ 50 ತಲುಪಿದವರು ಕ್ಲೇಮ್ ಮಾಡಿದರೆ ಇದೇ ಐದು ವರ್ಷದಲ್ಲಿ ಕಳೆದುಕೊಳ್ಳುವುದು 12,500.

ಈಗ ಸಿಗುವ ಹಣ ನೋಡಿ. ಬಂಪರ್‌ಗೆ 4,000, ಕೂಲಿ 1,500, ಒಟ್ಟು ಬಿಲ್ 5,500 ರೂಪಾಯಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲಿ 1,000 ರೂಪಾಯಿ ನೀವೇ ಭರಿಸಬೇಕು. ಕೊನೆಗೆ ಕಂಪನಿ ಕೊಡುವುದು 2,500. ಅದಕ್ಕಾಗಿ 5,000 ಕಳೆದುಕೊಳ್ಳುವುದು ನಷ್ಟವೇ. ಆದರೆ ಬಿಲ್ 60,000 ಬಂದಾಗ ಬೋನಸ್ ಉಳಿಸಲು ಹೋಗಿ ಕೈಯಿಂದ ಕಟ್ಟುವುದು ಜಾಣತನವಲ್ಲ. ವಿಮೆ ಇರುವುದೇ ಅದಕ್ಕೆ. ಸವಕಳಿ ಕಳೆಯದ ‘ಝೀರೋ ಡೆಪ್ರಿಸಿಯೇಷನ್’ ಅಥವಾ ಬೋನಸ್ ಕಾಯುವ ‘ಎನ್‌ಸಿಬಿ ಪ್ರೊಟೆಕ್ಷನ್’ ಸೌಲಭ್ಯ ಹೆಚ್ಚು ಹಣ ಕೊಟ್ಟು ಪಡೆದಿದ್ದರೆ ಲೆಕ್ಕ ಬದಲಾಗುತ್ತದೆ.

ಇನ್ನೊಂದು ಎಚ್ಚರಿಕೆ: ಬೇರೆಯವರಿಗೆ ಗಾಯವಾಗಿದ್ದರೆ ಈ ಲೆಕ್ಕ ಹಾಕುತ್ತಾ ಕೂರಬೇಡಿ. ಮೊದಲು ಗಾಯಾಳುವಿಗೆ ಚಿಕಿತ್ಸೆ, ಬಳಿಕ ಪೊಲೀಸರಿಗೂ ವಿಮಾ ಕಂಪನಿಗೂ ತಡಮಾಡದೆ ಮಾಹಿತಿ.

ಹಳೆಯ ಕಾರು ಕೊಂಡವರಿಗೆ ಬೋನಸ್ ಬರುತ್ತದೆಯೇ?

ಇಲ್ಲ. ಬೋನಸ್ ಕಾರಿನ ಜೊತೆ ಹೋಗುವುದಿಲ್ಲ, ಮಾರಿದವರ ಬಳಿಯೇ ಉಳಿಯುತ್ತದೆ. ಅವರು ಕಂಪನಿಯಿಂದ ಎನ್‌ಸಿಬಿ ಪ್ರಮಾಣಪತ್ರ ಪಡೆದು ಮೂರು ವರ್ಷದೊಳಗೆ ತಮ್ಮ ಮುಂದಿನ ಕಾರಿಗೆ ಬಳಸಬಹುದು. ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬೇಕು. ಉಳಿದ ಅವಧಿಗೆ ಹಳೆಯವರು ಪಡೆದ ರಿಯಾಯಿತಿಯ ಮೊತ್ತವನ್ನೂ ಕಟ್ಟಬೇಕು.

ಅಪಾಯ ಇರುವುದು ಆನ್‌ಲೈನ್ ನವೀಕರಣದಲ್ಲಿ. ‘ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಒತ್ತಿದರೆ ಪ್ರೀಮಿಯಂ ತಟ್ಟನೆ ಇಳಿಯುತ್ತದೆ. ಆದರೆ ಆ ಉತ್ತರ ನಿಮ್ಮ ಘೋಷಣೆ. ಹೊಸ ಕಂಪನಿ ಅದನ್ನು ಹಳೆಯ ಕಂಪನಿಯೊಂದಿಗೆ ತಾಳೆ ನೋಡುತ್ತದೆ. ಸುಳ್ಳೆಂದು ಕಂಡುಬಂದರೆ ಓನ್ ಡ್ಯಾಮೇಜ್ ಭಾಗದ ಸೌಲಭ್ಯವನ್ನೇ ಕಳೆದುಕೊಳ್ಳಬಹುದು. ಏಜೆಂಟ್ ತುಂಬಿದ ಅರ್ಜಿಯಾದರೂ ಹೊಣೆ ನಿಮ್ಮದೇ. ಆದ್ದರಿಂದ ಪಾಲಿಸಿಯಲ್ಲಿ ನಮೂದಾದ ಎನ್‌ಸಿಬಿ ಶೇಕಡಾವಾರನ್ನು ಒಮ್ಮೆ ಓದಿ.

ಅಪ್ಪನ ಕಾರು, ಮಗಳ ಸ್ಟಿಯರಿಂಗ್

ಮಾನ್ಯ ಲೈಸೆನ್ಸ್ ಇರುವ ಮಗಳು ಅಪ್ಪನ ಕಾರು ಓಡಿಸುವಾಗ ಅಪಘಾತವಾದರೂ ಕ್ಲೇಮ್ ಮಾಡಬಹುದು. ಆದರೆ ಹೋಗುವುದು ಅಪ್ಪನ ಬೋನಸ್. ಮಗಳು ತನ್ನ ಹೆಸರಿನಲ್ಲಿ ಕಾರು ಕೊಂಡರೆ ಸೊನ್ನೆಯಿಂದಲೇ ಆರಂಭ. ಮನೆಯವರಿಗೆ ಬೋನಸ್ ವರ್ಗಾವಣೆ ಆಗುವುದು ಮಾಲೀಕರು ತೀರಿಕೊಂಡು, ಕಾರು ಸಂಗಾತಿ, ಮಕ್ಕಳು ಅಥವಾ ತಂದೆತಾಯಿಗೆ ಬಂದಾಗ.

ನೆನಪಿಡಿ

• ಓನ್ ಡ್ಯಾಮೇಜ್ ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ, ಕ್ಲೇಮ್ ಮಾಡದೇ ಇದ್ದರೂ ಬೋನಸ್ ಹೋಗುತ್ತದೆ. ಆ ನಡುವೆ ಆದ ಅಪಘಾತಕ್ಕೆ ವಿಮೆಯೂ ಇರುವುದಿಲ್ಲ.
• ವಿಮಾ ಕಂಪನಿ ಬದಲಿಸಿದರೆ ಬೋನಸ್ ಹೋಗುವುದಿಲ್ಲ. ಹಳೆಯ ಪಾಲಿಸಿ ಅಥವಾ ನವೀಕರಣದ ನೋಟಿಸ್ ತೋರಿಸಿದರೆ ಸಾಕು.
• ಕಾರು ಮಾರುವಾಗ ಎನ್‌ಸಿಬಿ ಪ್ರಮಾಣಪತ್ರ ಪಡೆಯಲು ಮರೆಯಬೇಡಿ.